ಎತ್ತಿನ ಬದಲಿಗೆ ಬಂದ ಕಾರು

ಹಳೆಯ ಕಾರು ಹುಡುಕಿಕೊಡುವುದು ನನ್ನ ಉದ್ಯೋಗ. ಹೀಗೆ ಹೇಳಿದರೆ ನಿಪ್ಪಾಣಿಯ ಜನ ನಗುತ್ತಾರೆ. "ಏನ್ ಸನ್ಮತಿ, ಗುಜರಿ ಅಂಗಡಿ ಇಟ್ಟಿಯೇನ?" ಎಂದು ಕೇಳುತ್ತಾರೆ. ನಮ್ಮದು ತಂಬಾಕಿನ ದಲಾಲಿ ಮಾಡಿಕೊಂಡು ಬಂದ ಜೈನರ ಮನೆ. ತಂಬಾಕಿನ ಪೇಟೆ ಇಳಿದ ಮೇಲೆ ಸುಮ್ಮನೆ ಕೂಡಲಾಗದೆ ನಾನು ಮಾಲು ಬದಲಿಸಿದೆ, ದಲಾಲಿ ಮಾತ್ರ ಹಾಗೇ ಉಳಿಯಿತು. ಗುಜರಿ ಎನ್ನುವವರ ಮೇಲೆ ಮೊದಲು ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ.

ಪುಣೆಯಲ್ಲಿ ಪೂನಮ ಎಂಬ ಹೆಣ್ಣುಮಗಳಿದ್ದಾಳೆ. ಹಳೆಯ ಕಾಲದ ಸ್ಪೋರ್ಟ್ಸ್ ಕಾರುಗಳನ್ನಷ್ಟೇ ಕೊಂಡು ಮಾರುವ ಡೀಲರು. ನಿನ್ನೆ ಮೊನ್ನೆಯ ದೊಡ್ಡ ದೊಡ್ಡ ಗಾಡಿ ತಂದು ನಿಲ್ಲಿಸಿದರೂ ಅವಳು ತಿರುಗಿ ನೋಡುವುದಿಲ್ಲ. ಅದೇ ಎಪ್ಪತ್ತು ವರ್ಷದ ಹಿಂದಿನ ಎರಡು ಸೀಟಿನ ಇಂಗ್ಲಿಷ್ ಕಾರು ಎಂದರೆ ಊಟ ಬಿಟ್ಟು ಎದ್ದು ಬರುತ್ತಾಳೆ. ಅವಳ ತಾಯಿಯ ತವರು ಅಥಣಿ. ಹಾಗಾಗಿ ಕನ್ನಡ ಬರುತ್ತದೆ, ನಡುನಡುವೆ ಮರಾಠಿ ನುಗ್ಗುತ್ತದೆ ಅಷ್ಟೇ. ಮೀರಜಿನಿಂದ ಕಾಗವಾಡದವರೆಗೆ, ರಾಯಬಾಗದಿಂದ ಚಿಕ್ಕೋಡಿಯವರೆಗೆ ಯಾರ ಹಿತ್ತಲಲ್ಲಿ ಏನು ಕೊಳೆಯುತ್ತಿದೆ ಎಂದು ಹುಡುಕಿ ಅವಳಿಗೆ ಹೇಳುವವನು ನಾನು.

ಈ ವ್ಯಾಪಾರದ ರೀತಿಯೇ ಬೇರೆ. ಕಾರು ಹೊಳೆಯುತ್ತಿದ್ದರೆ ಬೆಲೆ ಇಳಿಯುತ್ತದೆ. ಕಾರ್ಖಾನೆಯಲ್ಲಿ ಬಳಿದ ಮೊದಲ ಬಣ್ಣವೇ ಇರಬೇಕು, ಮೊದಲಿನ ಎಂಜಿನ್ನೇ ಇರಬೇಕು. ಅದಕ್ಕಿಂತ ಮುಖ್ಯ ಅದರ ಕಥೆ. ಯಾರು ಕೊಂಡರು, ಯಾರು ಓಡಿಸಿದರು, ಅದಕ್ಕೆ ಪುರಾವೆ ಏನು. ಎತ್ತು ಕೊಳ್ಳುವವನು ಹಲ್ಲು ನೋಡಿದ ಮೇಲೆ ತಾಯಿ ಯಾವುದು, ತಂದೆ ಯಾವುದು ಎಂದು ಕೇಳುತ್ತಾನಲ್ಲ, ಹಾಗೆ. ನಮ್ಮ ಜನಕ್ಕೆ ಇದು ತಿಳಿಯುವುದಿಲ್ಲ. ಬೇಡಕಿಹಾಳದ ಒಬ್ಬ ಮಹಾಶಯ ನಾನು ಬರುತ್ತೇನೆಂದು ಗೊತ್ತಾದ ಕೂಡಲೇ ಅಜ್ಜನ ಕಾರಿಗೆ ಟ್ರ್ಯಾಕ್ಟರಿನ ನೀಲಿ ಬಣ್ಣ ಹೊಡೆಸಿ, ಮಾಲೆ ಹಾಕಿ ನಿಲ್ಲಿಸಿದ್ದ. ಆ ಕಾರು ನೋಡಿ ನನಗೆ ಅಳು ಬಂತು. ಅವನು ಖುಷಿಗೆ ಅಂದುಕೊಂಡ.

ಕಬ್ಬೂರಿನ ಶಿವಾಜಿ ಮೊದಲು ಮಾತೆತ್ತಿದಾಗ ನಾನು ನಂಬಲಿಲ್ಲ. ಅವನು ಎತ್ತಿನ ಗಾಡಿ ಶರ್ಯತ್ತಿನ, ಎಂದರೆ ಓಟದ ಪಂದ್ಯದ ಹುಚ್ಚ. ಐವತ್ತು ದಾಟಿದರೂ ಖಿಲಾರಿ ಎತ್ತು ಕಂಡರೆ ಚಹಾ ಆರಿಹೋಗುವವರೆಗೆ ನೋಡುತ್ತ ನಿಲ್ಲುವ ಆಸಾಮಿ. "ನಮ್ಮನ್ಯಾಗೂ ಒಂದ ಹಳೇ ಕಾರ್ ಐತ್ರಿ, ದನದ ಕೊಟಗ್ಯಾಗ" ಎಂದ. ದನದ ಕೊಟ್ಟಿಗೆ ಎಂದ ಮೇಲೆ ಸಗಣಿ, ಗಂಜಲ, ತುಕ್ಕು, ಮೇಲೆ ಕೋಳಿ ಇಷ್ಟನ್ನೇ ಎದುರು ನೋಡಿಕೊಂಡು ಹೋದೆ.

ಕೊಟ್ಟಿಗೆಯ ಒಂದು ಪಕ್ಕದಲ್ಲಿ ಎತ್ತುಗಳು ನಿಂತಿದ್ದವು. ಇನ್ನೊಂದು ಪಕ್ಕದಲ್ಲಿ ಎರಡು ಗೂಟಗಳ ನಡುವೆ ಬಿಳಿ ಪಂಚೆ ಹೊದ್ದುಕೊಂಡು ಏನೋ ನಿಂತಿತ್ತು. ಶಿವಾಜಿ ಪಂಚೆ ಎಳೆದ. ನಾನು ಅಲ್ಲೇ ಮೇವಿನ ಕಟ್ಟೆಯ ಮೇಲೆ ಕುಳಿತೆ. ಕೆಂಪು ಬಣ್ಣದ ಎಂ.ಜಿ., ಇಂಗ್ಲಿಷ್ ಕಾರು. ಎರಡು ಸೀಟು, ಉದ್ದ ಮೂತಿ, ಎರಡು ದೊಡ್ಡ ದೀಪ. ಬಣ್ಣ ಕಾರ್ಖಾನೆಯದೇ. ತುಕ್ಕಿನ ಒಂದು ಚುಕ್ಕೆ ಇಲ್ಲ. ಬೆಳ್ಳಿಯಂತಹ ಬಂಪರಿನ ಮೇಲೆ ಬೆರಳಾಡಿಸಿದರೆ ಕೊಬ್ಬರಿ ಎಣ್ಣೆಯ ಜಿಡ್ಡು ಹತ್ತಿತು. ಮೂತಿಯ ಮೇಲೆ ಕುಂಕುಮದ ಹಳೆಯ ಕಲೆ.

"ಯಾರು ಇದನ್ನ ಇಷ್ಟ ಚೆಂದ ಇಟ್ಟಾರ?" ಎಂದು ಕೇಳಿದೆ.

"ನಮ್ಮವ್ವ" ಎಂದ ಶಿವಾಜಿ. "ದಿನಾ ಎತ್ತಿನ ಮೈ ತಿಕ್ಕಿದಂಗ ತಿಕ್ಕತಾಳ್ರಿ. ನಾವ್ಯಾರೂ ಮುಟ್ಟಂಗಿಲ್ಲ."

ಅವನ ಅವ್ವ ತಾರವ್ವ ಅಷ್ಟರಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದಳು. ಎಂಬತ್ತರ ಮುದುಕಿ, ಸೊಂಟ ಮಾತ್ರ ನೇರ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೋಡ್ರಿ, ಆದ್ರ ಮುಟ್ಟಬ್ಯಾಡ್ರಿ" ಎಂದಳು. ಕಾರಿನ ಚರಿತ್ರೆಯನ್ನು ಅವಳ ಬಾಯಿಂದಲೇ ಕೇಳಿದೆ.

ತಾರವ್ವನ ಗಂಡ ಅಣ್ಣಾಸಾಬನ ಹತ್ತಿರ ಹರಣ್ಯಾ, ಸೋನ್ಯಾ ಎಂಬ ಖಿಲಾರಿ ಜೋಡಿ ಇತ್ತು. ಅವಳು ಮದುವೆಯಾಗಿ ಬಂದ ವರ್ಷ ಅವು ಇನ್ನೂ ಕರು; ಹಿಟ್ಟಿನ ಉಂಡೆ ತಿನ್ನಿಸಿ ಬೆಳೆಸಿದವಳು ಅವಳೇ. ಹೊಳೆಯಾಚೆಯ ಒಂದು ಶರ್ಯತ್ತಿನಲ್ಲಿ ಆ ಜೋಡಿ ಉಳಿದವರಿಗೆಲ್ಲ ಧೂಳು ತಿನ್ನಿಸಿತು. ಅದನ್ನು ನೋಡಲು ಘಟ್ಟದ ಕಡೆಯ ಒಬ್ಬ ಸಣ್ಣ ಜಹಗೀರದಾರ ಬಂದಿದ್ದ. ಜನ ಅವನನ್ನು ಧಾಕಟೆ ಸರಕಾರ ಎನ್ನುತ್ತಿದ್ದರು, ಎಂದರೆ ಕಿರಿಯ ದೊರೆ. ಎತ್ತು ಮಾರುತ್ತೀಯಾ ಎಂದು ಕೇಳಿದ. ಅಣ್ಣಾಸಾಬ ಮಾರುವುದಿಲ್ಲ ಎಂದ. ಏನು ಬೇಕಾದರೂ ಕೇಳು ಎಂದ ದೊರೆ. ತಪ್ಪಿಸಿಕೊಳ್ಳಬೇಕೆಂದು ಅಣ್ಣಾಸಾಬ ದೊರೆ ಇಳಿದು ಬಂದಿದ್ದ ಕೆಂಪು ಕಾರಿನ ಕಡೆ ಕೈ ತೋರಿಸಿ, ಹಾಗಾದರೆ ಅದನ್ನು ಕೊಡಿ ಎಂದುಬಿಟ್ಟ. ದೊರೆ ನಕ್ಕು ಆಗಲಿ ಎಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎತ್ತುಗಳು ಅಲ್ಲಿಂದಲೇ ಹೋದವು, ಕಾರು ಆಮೇಲೆ ಬರುತ್ತದೆ ಎಂದಾಯಿತು.

"ಮುಂದ ತಿಂಗಳಾದ ಮ್ಯಾಲ ಸರಕಾರ ತಾನs ಈ ಗಾಡಿ ಹೊಡಕೊಂಡ ಬಂದಾ" ಎಂದಳು ತಾರವ್ವ. "ಕೊಟ್ಟ ಶಬ್ದ ಉಳಿಸಿದಾ ಅಂತ ನಮ್ಮ ಯಜಮಾನ್ರು ಸಾಯೂತನಾ ಹೇಳ್ಕೋತ ಅಡ್ಯಾಡಿದ್ರು. ನಾ ಚಹಾ ಕೊಟ್ಟು, ನಮ್ಮ ಎತ್ತ ಹೆಂಗ ಅದಾವ್ರಿ ಅಂತ ಕೇಳಿದ್ನಿ. ನನಗಿಂತ ಚಲೋ ಉಣ್ಣಾಕತ್ತಾವವ್ವಾ ಅಂದಾ."

ಅಣ್ಣಾಸಾಬನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಕಲಿಯಲೂ ಇಲ್ಲ. ಆದರೆ ಗೂಟ ಖಾಲಿ ಇರಬಾರದು. ಹಾಗಾಗಿ ಎತ್ತಿನ ಜಾಗದಲ್ಲಿ ಕಾರು ನಿಂತಿತು. ಮನೆಯವರು ಅದನ್ನು ಕಾರು ಎಂದು ಕರೆದದ್ದೇ ಇಲ್ಲ, ಅದರ ಹೆಸರು ಬದಲಿ. ಪ್ರತಿ ಕಾರಹುಣ್ಣಿಮೆಗೆ ಉಳಿದ ಎತ್ತುಗಳ ಜೊತೆ ಬದಲಿಗೂ ಪೂಜೆ. ಮುಂದೆ ಎರಡು ಹೋಳಿಗೆ, ಹರಣ್ಯಾನದೊಂದು, ಸೋನ್ಯಾನದೊಂದು. ಒಮ್ಮೆಯಾದರೂ ಹೋಗಿ ಎತ್ತು ನೋಡಿಬರಬೇಕೆಂದು ತಾರವ್ವ ಹಟ ಮಾಡಿದ್ದಳಂತೆ. ಗುರುತು ಹಿಡಿದರೆ ಅವು ಅಲ್ಲಿ ನಿಲ್ಲುವುದಿಲ್ಲ, ಕೊಟ್ಟ ಮೇಲೆ ನೋಡಬಾರದು ಎಂದು ಗಂಡ ತಡೆದ.

ನಾನು ಮಾರುವ ಮಾತು ಎತ್ತಿದೆ. ಮುದುಕಿ ಬೈದು ಅಟ್ಟುತ್ತಾಳೆ ಅಂದುಕೊಂಡಿದ್ದೆ. ಅವಳು ಕಾರಿನ ಕಡೆ ನೋಡಿ ಹೇಳಿದಳು: "ಒಯ್ರಿ. ನಾ ಹ್ವಾದ ಮ್ಯಾಲ ಇದನ್ನ ತಿಕ್ಕಾವ್ರ ಯಾರ್ ಅದಾರ? ರೊಕ್ಕದ್ದ ಶಿವಾಜಿ ಕೂಡ ಮಾತಾಡ್ರಿ. ನನ್ನದ ಒಂದs ಮಾತ. ನಮ್ಮ ಎತ್ತ ಎಲ್ಲಿ ಮಣ್ಣಾದವು, ಆ ಜಾಗಾ ನನಗ ತೋರಸ್ರಿ. ಅಲ್ಲಿ ಒಂದ ಹೋಳಿಗಿ ಇಟ್ಟ ಬರ್ತೀನಿ. ಅದ ಆಗೂತನಾ ಬದಲಿ ಹೊರಗ ಬರೂದಿಲ್ಲ."

ನಮ್ಮ ಕಡೆ ಸಾಕಿದ ಎತ್ತು ಸತ್ತರೆ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಹೊಸ ಬಟ್ಟೆ ಹೊದಿಸಿ, ಅರಿಷಿಣ ಕುಂಕುಮ ಹಚ್ಚಿ, ಕುಣಿಗೆ ಉಪ್ಪು ಹಾಕಿ, ಮನೆಯ ಮನುಷ್ಯನಿಗೆ ಮಾಡಿದಂತೆ. ಅರಮನೆಗೆ ಹೋದ ಎತ್ತಿಗೆ ಇನ್ನೂ ಚೆನ್ನಾಗಿ ಮಾಡಿರಬೇಕು, ಕಟ್ಟೆ ಕಟ್ಟಿಸಿರಬೇಕು ಎಂದು ಅವಳ ಲೆಕ್ಕ. ಅರ್ಧ ಶತಮಾನಕ್ಕೂ ಹಿಂದಿನ ಎತ್ತಿನ ಗೋರಿ ಹುಡುಕು ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ನನಗಂತೂ ಬಂತು. ಅದನ್ನು ನುಂಗಿಕೊಂಡು ಹೂಂ ಎಂದೆ.

ಪೂನಮ ಕಾರು ನೋಡಲು ಬಂದಳು. ಅವಳು ಕಾರಿನ ಕೆಳಗೆ ಮಲಗಿ ಟಾರ್ಚು ಹಾಕಿಕೊಂಡು ಅರ್ಧ ದಿನ ಕಳೆದಳು. ಹೊರಬಂದಾಗ ಮುಖದ ಮೇಲೆ ಸಗಣಿ ಇತ್ತು, ಒರೆಸಿಕೊಳ್ಳಲೂ ಇಲ್ಲ. "ಸನ್ಮತಿ ಕಾಕಾ, ಹಿಂದುಸ್ತಾನದಾಗ ಹಿಂಗಿದ್ದು ಇನ್ನೊಂದು ನಾ ನೋಡಿಲ್ಲ" ಎಂದಳು. ಮುದುಕಿಯ ಶರತ್ತು ಹೇಳಿದೆ. ನಗುತ್ತಾಳೆ ಅಂದುಕೊಂಡರೆ ಗಂಭೀರವಾಗಿ ತಲೆಯಾಡಿಸಿದಳು. ಎತ್ತಿನ ಗೋರಿ ಹುಡುಕಲು ಹೋದರೆ ಸರಕಾರನ ಕಥೆಯೂ ಸಿಗುತ್ತದೆ, ಕಾರಿಗೆ ಬೇಕಾದ ಪುರಾವೆಯೂ ಸಿಗುತ್ತದೆ ಎಂಬುದು ಅವಳ ಎಣಿಕೆ. ಮುಂಬಯಿಯ ಒಬ್ಬ ಗಿರಾಕಿ ಆಗಲೇ ಕಾದು ಕುಳಿತಿದ್ದ.

ಇಬ್ಬರೂ ಘಟ್ಟದ ಕಡೆ ಅಲೆದೆವು. ಸರಕಾರ ಸತ್ತು ಬಹಳ ಕಾಲವಾಗಿತ್ತು. ಅವನ ಅರಮನೆಯಂಥ ವಾಡೆ ಈಗ ಪ್ರವಾಸಿಗರ ಹೋಟೆಲು. ಮಕ್ಕಳು ಪರದೇಶದಲ್ಲಿ. ಹೋಟೆಲಿನ ಮ್ಯಾನೇಜರನಿಗೆ ಎತ್ತಿನ ಗೋರಿ ಎಲ್ಲಿದೆ ಎಂದು ಕೇಳಿದರೆ, ಅವನು ನಮಗೆ ರೂಮು ಬೇಕೋ ಬೇಡವೋ ಎಂದು ಕೇಳಿದ. ಕೊನೆಗೆ ಆ ವಾಡೆಯ ಫೋಟೋ ತೆಗೆಯುತ್ತಿದ್ದ ಸಂಭಾಜಿ ಎಂಬ ಮುದುಕ ಮೀರಜಿನಲ್ಲಿ ಇನ್ನೂ ಬದುಕಿದ್ದಾನೆ ಎಂದು ತಿಳಿಯಿತು. ಅವನು ಆಸ್ಪತ್ರೆಯಲ್ಲಿದ್ದ, ಸ್ಟುಡಿಯೋದಲ್ಲಿ ಮಗ ಇದ್ದ. ಮಗ ಹಳೆಯ ನೆಗೆಟಿವ್‌ಗಳ ಡಬ್ಬಿಯನ್ನೇ ಎದುರಿಗೆ ಸುರುವಿದ. ಎತ್ತಿನ ಸಂಗತಿ ತನಗೆ ಗೊತ್ತಿಲ್ಲ, ಅಪ್ಪ ಮನೆಗೆ ಬಂದ ಮೇಲೆ ಕೇಳಿ ಎಂದ.

ಆ ಡಬ್ಬಿಯಲ್ಲಿ ನಮ್ಮ ಕಾರು ಸಿಕ್ಕಿತು. ಕಾಡಿನ ಬಯಲು. ನಡುವೆ ಕಾರು, ನಂಬರ್ ಪ್ಲೇಟು ಓದುವಷ್ಟು ಸ್ಪಷ್ಟ. ಕಾರಿಗೆ ಒರಗಿಕೊಂಡು ಬಂದೂಕು ಹಿಡಿದ ಸರಕಾರ, ಕಾಲ ಬುಡದಲ್ಲಿ ಸತ್ತ ಹುಲಿ. ಪೂನಮ ಸ್ಟುಡಿಯೋದಲ್ಲೇ ನನ್ನ ಕೈ ಹಿಡಿದು ಕುಣಿದಳು. ದೊರೆ, ಹುಲಿ, ಕಾರು, ನಂಬರು, ಎಲ್ಲ ಒಂದೇ ಚಿತ್ರದಲ್ಲಿ. ಇಂಥ ಒಂದು ಫೋಟೋ ಕಾರಿನ ಜೊತೆಗಿದ್ದರೆ ಗಿರಾಕಿ ಎದುರು ಮಾತಾಡುವುದಿಲ್ಲ. ನಾನೂ ಕುಣಿದೆ, ಸುಳ್ಳೇಕೆ ಹೇಳಲಿ. ಅವಳು ಅದನ್ನು ಕಿಟಕಿಯಷ್ಟು ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಿದಳು. ಇದನ್ನು ಮೊದಲು ಮುದುಕಿಗೆ ತೋರಿಸೋಣ, ಖುಷಿಯಾಗಿ ಕಾರು ಬಿಟ್ಟುಕೊಟ್ಟರೂ ಕೊಟ್ಟಾಳು, ಗೋರಿಯನ್ನು ಆಮೇಲೆ ಹುಡುಕಿದರಾಯಿತು ಎಂದು ಇಬ್ಬರೂ ಮಾತಾಡಿಕೊಂಡೆವು. ಕಾರು ಹೇರಲು ಒಂದು ಲಾರಿಯನ್ನೂ ಕರೆದುಕೊಂಡೇ ಹೊರಟೆವು.

ಕಬ್ಬೂರಿಗೆ ಹೋದ ದಿನ ಕಾರಹುಣ್ಣಿಮೆ. ಎತ್ತುಗಳ ಮೈ ತೊಳೆದು ಕೊಂಬಿಗೆ ಬಣ್ಣ ಬಳಿದಿದ್ದರು. ಶಿವಾಜಿಯ ಹೆಂಡತಿ ಮನಿಷಾ ಒಲೆಯ ಮುಂದೆ ಹೋಳಿಗೆ ಮಾಡುತ್ತಿದ್ದಳು. ಪಡಸಾಲೆಯಲ್ಲಿ ಚಾಪೆ ಹಾಸಿ ಕೂಡಿಸಿದರು. ಪೂನಮ ಚೌಕಟ್ಟಿನ ಕಾಗದ ಬಿಚ್ಚಿ ತಾರವ್ವನ ತೊಡೆಯ ಮೇಲೆ ಇಟ್ಟಳು.

"ನೋಡ್ರಿ ಆಯಿ, ನಿಮ್ಮ ಬದಲಿ. ಹರೇದಾಗಿಂದು" ಎಂದಳು.

ಶಿವಾಜಿ ಬಗ್ಗಿ ನೋಡಿ, ಹುಲಿ ಎಷ್ಟು ದೊಡ್ಡದು ಎಂದ. ನಾನು ನಂಬರ್ ಪ್ಲೇಟು ತೋರಿಸಿದೆ. ತಾರವ್ವ ಚೌಕಟ್ಟನ್ನು ಬೆಳಕಿಗೆ ತಿರುಗಿಸಿಕೊಂಡಳು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅವಳ ದೃಷ್ಟಿ ನಮ್ಮೆಲ್ಲರಿಗಿಂತ ಚೆನ್ನಾಗಿತ್ತು. ಅವಳ ಬೆರಳು ಕಾರಿನ ಮೇಲೆ ಹೋಗಲಿಲ್ಲ, ಸರಕಾರನ ಮೇಲೂ ಹೋಗಲಿಲ್ಲ. ಚಿತ್ರದ ಎಡಮೂಲೆಯಲ್ಲಿ ಒಂದು ಮರ, ಮರದ ಬುಡದಲ್ಲಿ ಬಿಳಿಯದೇನೋ ಬಿದ್ದಿತ್ತು. ಬೆರಳು ಅಲ್ಲಿ ಹೋಗಿ ನಿಂತಿತು.

"ಇದೇನ?" ಎಂದಳು.

"ಕಲ್ಲಿರಬೇಕ ಬಿಡ್ರಿ" ಎಂದೆ. ಆ ಮೂಲೆ ಚೆನ್ನಾಗಿ ಕಾಣುವುದಿಲ್ಲ, ಕತ್ತರಿಸಿಬಿಡೋಣ ಎಂದು ಪೂನಮ ಮೀರಜಿನಲ್ಲಿ ಹೇಳಿಯೂ ಇದ್ದಳು.

"ಕಲ್ಲಿಗೆ ಕೋಡಣಸ ಇರತೈತೇನ?"

ಕೋಡಣಸು ಎಂದರೆ ಎತ್ತಿನ ಕೊಂಬಿನ ತುದಿಗೆ ಹಾಕುವ ಹಿತ್ತಾಳೆಯ ಟೊಪ್ಪಿಗೆ. ನಾನು ಬಗ್ಗಿ ನೋಡಿದೆ. ಇಷ್ಟು ದಿನ ಬಂಡೆ ಅಂದುಕೊಂಡಿದ್ದಕ್ಕೆ ಒಮ್ಮೆಲೇ ಕೊಂಬು ಬಂತು, ಕಿವಿ ಬಂತು, ಕಾಲು ಬಂತು. ಕೊಂಬಿನ ತುದಿಯಲ್ಲಿ ಬೆಳಕಿನ ಒಂದು ಚುಕ್ಕೆ. ಎಡಗೊಂಬಿನ ತುದಿ ಒಳಗೆ ಸೊಟ್ಟಗಾಗಿತ್ತು. ಕೊರಳಿನಿಂದ ಒಂದು ಹಗ್ಗ ಹೊರಟು ಮರಕ್ಕೆ ಸುತ್ತಿಕೊಂಡಿತ್ತು. ಕೊರಳಿನ ಹಿಂದೆ ಹೊಟ್ಟೆ ಇರಬೇಕಾದಲ್ಲಿ ಹೊಟ್ಟೆ ಇರಲಿಲ್ಲ, ಕಪ್ಪಾಗಿತ್ತು.

"ಸೋನ್ಯಾ" ಎಂದಳು ತಾರವ್ವ. "ಸಣ್ಣಾಂವಿದ್ದಾಗ ಗ್ವಾಡಿಗೆ ಹಾದು ಡಾವಿ ಕೋಡ ಡೊಂಕ ಮಾಡ್ಕೊಂಡಿದ್ದಾ."

ಹುಲಿಯ ಬೇಟೆಯಲ್ಲಿ ಆಮಿಷಕ್ಕೆ ದನ ಕಟ್ಟುತ್ತಾರೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ನನ್ನ ಕಣ್ಣಿಗೆ ಕಂಡದ್ದು ನಂಬರ್ ಪ್ಲೇಟು. ಪೂನಮಳ ಮುಖ ಸುಣ್ಣದಂತಾಗಿತ್ತು. ಇರಲಿಕ್ಕಿಲ್ಲ, ಬೇರೆ ಎತ್ತಿರಬೇಕು, ಕೇಳಿಬಿಡೋಣ ಎನ್ನುತ್ತ ಅವಳು ಫೋನು ತೆಗೆದಳು. ಒಳಗೆ ಹೋಗಿ ಮಾತಾಡು ಎಂದು ನಾನು ಕಣ್ಸನ್ನೆ ಮಾಡಿದೆ.

"ಇಲ್ಲೇ ಮಾತಾಡ" ಎಂದಳು ತಾರವ್ವ. "ಎಲ್ಲಾರಿಗೂ ಕೇಳಂಗ ಹಚ್ಚ."

ಮುದುಕ ಸಂಭಾಜಿ ಮನೆಗೆ ಬಂದಿದ್ದ. ಮಗ ಅವನ ಕೈಗೆ ಫೋನು ಕೊಟ್ಟ. ಪೂನಮ ಮರಾಠಿಯಲ್ಲಿ ಕೇಳಿದಳು, ಅವನು ಮರಾಠಿಯಲ್ಲೇ ಹೇಳಿದ. ಗಡಿಯ ಜನಕ್ಕೆ ಅನುವಾದ ಬೇಕಾಗಿರಲಿಲ್ಲ. ಅವನ ದನಿಯಲ್ಲಿ ಹಳೆಯ ಕಾಲ ನೆನಪು ಮಾಡಿಕೊಳ್ಳುವ ಉತ್ಸಾಹ ಇತ್ತು. ಹೌದು, ಆ ಖಿಲಾರಿ ಜೋಡಿ ಚೆನ್ನಾಗಿ ನೆನಪಿದೆ ಎಂದ. ಸರಕಾರ ಅವನ್ನು ತಂದ ಎಂಟೇ ದಿನಕ್ಕೆ ಶರ್ಯತ್ತಿಗೆ ಇಳಿಸಿದರು. ಹೊಸ ಕೈ, ಹೊಸ ದನಿ, ಎತ್ತುಗಳು ನಡುದಾರಿಯಲ್ಲಿ ನಿಂತುಬಿಟ್ಟವು. ನಾಲ್ಕು ಜನ ಜಹಗೀರದಾರರ ಎದುರು ಸರಕಾರನಿಗೆ ಅಪಮಾನವಾಯಿತು. ಇವು ಹುಲಿಗೆ ಲಾಯಕ್ಕು ಎಂದರು. ಮೊದಲು ಒಂದನ್ನು ಕಟ್ಟಿದರು, ಹುಲಿ ತಿಂದು ತಪ್ಪಿಸಿಕೊಂಡಿತು. ಆಮೇಲೆ ಇನ್ನೊಂದನ್ನು ಕಟ್ಟಿದರು, ಆಗ ಸಿಕ್ಕಿತು. ಫೋಟೋ ಆವತ್ತಿನದು.

ಎಲುಬುಗಳನ್ನು ಎಲ್ಲಿ ಹೂಳಿದರು ಎಂದು ಪೂನಮ ಕೇಳಿದಳು.

ಹೂಳುವುದೇನು, ಅಲ್ಲೇ ಬಿಟ್ಟು ಬಂದೆವು ಎಂದ ಮುದುಕ. ಈಗ ಆ ಕಾಡೂ ಇಲ್ಲ ತಾಯೀ, ಮುಂದೆ ಅಣೆಕಟ್ಟು ಕಟ್ಟಿದರು, ಎಲ್ಲ ನೀರಿನ ಕೆಳಗೆ ಹೋಯಿತು ಎಂದ. ಫೋಟೋ ಚೆನ್ನಾಗಿ ಬಂದಿದೆಯೇ ಎಂದು ಕೇಳಿದ. ಪೂನಮ ಫೋನು ಇಟ್ಟಳು.

ಮನಿಷಾ ಒಲೆ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದಳು. ಹೋಳಿಗೆ ಸೀಯುತ್ತಿರುವ ವಾಸನೆ ಎಲ್ಲರಿಗೂ ಬಂತು, ಯಾರೂ ಏಳಲಿಲ್ಲ.

"ಗಾಡಿ ಈ ಪಟದಾಗ ಐತಿ" ಎಂದ ಶಿವಾಜಿ ನಿಧಾನವಾಗಿ. "ಅಂದ್ರ ನಮ್ಮನಿಗೆ ಬರೂಕಿಂತ ಮೊದಲಿಂದಿದು."

ನನಗೆ ಅಲ್ಲಿಯವರೆಗೆ ಅದು ಹೊಳೆದಿರಲಿಲ್ಲ. ಸರಕಾರ ಈ ಕಾರು ಓಡಿಸಿಕೊಂಡು ಕಬ್ಬೂರಿಗೆ ಬಂದಾಗ ಎತ್ತುಗಳು ಇರಲೇ ಇಲ್ಲ. ಎರಡನ್ನೂ ಹುಲಿಗೆ ಹಾಕಿ, ಕಾರು ತೊಳೆಸಿಕೊಂಡು, ಮೀಸೆ ತಿರುವಿಕೊಂಡು ಬಂದು ಈ ಪಡಸಾಲೆಯಲ್ಲಿ ಕುಳಿತಿದ್ದ. ಕೊಟ್ಟ ಶಬ್ದ ಉಳಿಸಿದ ದೊಡ್ಡ ಮನುಷ್ಯ. ಅವನು ಬದುಕಿದ್ದರೆ ನಾನು ಆವತ್ತು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಅಹಿಂಸೆಯ ಮನೆಯಲ್ಲಿ ಹುಟ್ಟಿದವನು ಹೀಗೆ ಹೇಳಬಾರದು.

"ನಾ ಕೇಳಿದ್ನೆಲ್ಲೋ" ಎಂದಳು ತಾರವ್ವ. ಮಗನಿಗೆ ಹೇಳುತ್ತಿದ್ದಳೋ ಸತ್ತ ಗಂಡನಿಗೋ ತಿಳಿಯಲಿಲ್ಲ. "ಎತ್ತ ಹೆಂಗ ಅದಾವ ಅಂತ ಕೇಳಿದ್ನಿ. ಅಂವಾ ನನ್ನ ಮಾರಿ ನೋಡಿ ಹೇಳಿದಾ. ಬೆಲ್ಲಾ ಜಾಸ್ತಿ ಹಾಕಿ ಚಹಾ ಕೊಟ್ಟಿದ್ನಿ. ಚಲೋ ಆಗೇತಿ ಅಂತ ಮತ್ತೊಂದ ಕಪ್ಪ ಇಸಕೊಂಡ ಕುಡದಾ."

ಅವಳು ಅಳಲಿಲ್ಲ. ಅತ್ತಿದ್ದರೆ ನಮಗೆ ಸಮಾಧಾನ ಹೇಳುವ ಕೆಲಸವಾದರೂ ಇರುತ್ತಿತ್ತು. ಚೌಕಟ್ಟನ್ನು ಪಕ್ಕಕ್ಕೆ ಇಟ್ಟು ಎದ್ದು ಕೊಟ್ಟಿಗೆಗೆ ಹೋದಳು. ನಾವೆಲ್ಲ ಹಿಂದೆ ಹೋದೆವು. ಗೋಡೆಗೆ ಕೊಡಲಿ ಒರಗಿಸಿತ್ತು. ನಾನು ಅದರ ಮುಂದೆ ಹೋಗಿ ನಿಂತುಕೊಂಡೆ. ಅವಳು ಪಂಚೆ ತೆಗೆದಳು. ಕೆಂಪು ಮೂತಿಯ ಮೇಲೆ, ಎತ್ತಿನ ಹಣೆ ಸವರುವಂತೆ ಕೈ ಇಟ್ಟಳು.

"ಇದೇನ ಮಾಡೀತು" ಎಂದಳು. "ಇದನ್ನೂ ತಂದ ಕಟ್ಟಿ ಹ್ವಾದಾ."

ಆಮೇಲೆ ಮಗನ ಕಡೆ ತಿರುಗಿ, "ಶಿವಾಜಿ, ಬೇವಿನ ಗಿಡದ ಕಡೆ ತೆಗ್ಗ ತಗಸ" ಎಂದಳು.

ಬೇವಿನ ಗಿಡದ ಕಡೆ ಎಂದರೆ ಹೊಲದಲ್ಲಿ ಆ ಮನೆಯ ಎತ್ತುಗಳನ್ನು ಮಣ್ಣು ಮಾಡುವ ಜಾಗ. ಶಿವಾಜಿಗೆ ಕೂಡಲೇ ಅರ್ಥವಾಯಿತು. ನನಗೆ ಆಗಲಿಲ್ಲ. ಆದಾಗ ನಾನು ಕೂಗಾಡಿದೆ. ಇಂಥ ಕಾರು ದೇಶದಲ್ಲಿ ಇನ್ನೊಂದಿಲ್ಲ, ಇದೇನು ಹುಚ್ಚು, ಜೀವ ಇಲ್ಲದ್ದನ್ನು ಯಾರಾದರೂ ಹೂಳುತ್ತಾರೆಯೇ, ಸಿಟ್ಟಿನಲ್ಲಿ ಮೂಗು ಕೊಯ್ದುಕೊಂಡರೆ ಮತ್ತೆ ಬರುತ್ತದೆಯೇ ಎಂದೆಲ್ಲ ಅಂದೆ.

"ಸಿಟ್ಟಲ್ಲೋ ತಮ್ಮಾ" ಎಂದಳು ಮುದುಕಿ. "ಅವುಗಳ ಮಣ್ಣ ತೋರಸ ಅಂದಿದ್ನಿ. ಮಣ್ಣs ಇಲ್ಲ. ನೀರಾಗ ಎಲ್ಲಿ ಹುಡುಕಲಿ? ಅವುಗಳ ಬದಲಿ ಬಂದದ್ದು ಇದೊಂದ ಐತಿ. ಇಷ್ಟ ವರ್ಷ ಅವುಗಳ ಹೋಳಿಗಿ ಇದs ತಿಂದೇತಿ. ಅವುಗಳ ಮಣ್ಣೂ ಇದಕ್ಕs ಸಲ್ಲತೈತಿ."

"ಅವ್ವಾ, ಒಂದ ನಾಕ ದಿನಾ ತಡಿ" ಎಂದ ಶಿವಾಜಿ. "ವಿಚಾರ ಮಾಡೂಣು."

"ನಿಮ್ಮಪ್ಪನೂ ವಿಚಾರ ಮಾಡಿದ್ದಾ. ಕೊಟ್ಟ ಮ್ಯಾಲ ನೋಡಬಾರದು ಅಂದಾ."

ಪೂನಮ ಮುಂದೆ ಬಂದು ಮುದುಕಿಯ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು. ಅದು ವ್ಯಾಪಾರದ ನೀರಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. "ಆಯಿ, ಆ ಫೋಟೋ ನಾ ಸುಟ್ಟ ಹಾಕ್ತೀನಿ. ಗಾಡಿ ಮಾತ್ರ ಮಣ್ಣಾಗ ಹಾಕಬ್ಯಾಡ್ರಿ. ಚಲೋ ಮಂದೀಗೆ ಕೊಡ್ತೀನಿ, ಪಕ್ಕಾ. ತಮ್ಮ ಲೇಕರಾಗತ, ಮಕ್ಕಳಂಗ ನೋಡ್ಕೋತಾರ."

ತಾರವ್ವ ಅವಳ ಕೈ ಬಿಡಿಸಿಕೊಳ್ಳಲಿಲ್ಲ. ಅವಳ ಮುಖವನ್ನೇ ನೋಡಿದಳು. "ಆಮ್ಯಾಲ ನಾ ಯಾರಿಗೆ ಕೇಳಲವ್ವಾ, ಹೆಂಗ ಐತಿ ಅಂತ?"

"ನನಗ ಕೇಳ್ರಿ. ನಾ ವರ್ಷಾ ವರ್ಷಾ ಫೋಟೋ ಕಳಸ್ತೀನಿ" ಎಂದಳು ಪೂನಮ.

ಹೇಳಿದ ಮೇಲೆ ಅವಳಿಗೇ ಕೇಳಿಸಿತು ತಾನು ಏನು ಹೇಳಿದೆ ಎಂದು. ಬಾಯಿ ಮೇಲೆ ಕೈ ಇಟ್ಟುಕೊಂಡು ಹಿಂದೆ ಸರಿದಳು.

ಶಿವಾಜಿ ಕೊಟ್ಟಿಗೆಯ ಕಂಬಕ್ಕೆ ಹಣೆ ಹಚ್ಚಿಕೊಂಡು ನಿಂತಿದ್ದ. ಕಾರು ಮಾರುವ ಆಸೆ ಅವನಿಗೆ ಇರಲಿಲ್ಲವೆಂದಲ್ಲ. ಬಂದ ದುಡ್ಡಿನಲ್ಲಿ ಇಡೀ ತಾಲೂಕು ತಿರುಗಿ ನೋಡುವಂಥ ಜೋಡಿ ತರುತ್ತೇನೆ ಎಂದು ನನ್ನೆದುರೇ ಎಷ್ಟು ಸಲ ಹೇಳಿದ್ದ. ಎದುರಿಗೆ ಅವನ ಎತ್ತುಗಳು ಬಣ್ಣದ ಕೊಂಬು ಆಡಿಸುತ್ತ ಮೇವು ತಿನ್ನುತ್ತಿದ್ದವು. ಅವುಗಳ ಕಡೆ ಒಮ್ಮೆ ನೋಡಿ ಫೋನು ತೆಗೆದು ಮಲಕಾರಿಗೆ ಹಚ್ಚಿದ. ಮಲಕಾರಿ ಆ ಊರಿನ ಜೆಸಿಬಿಯವನು.

"ಬಾರಪಾ" ಎಂದ. "ಎತ್ತ ಹೋಗ್ಯಾವ."

ಮಲಕಾರಿ ಬಂದು ಕುಣಿ ತೋಡಿದ. ಎತ್ತಿನ ಕುಣಿ ಎಂದುಕೊಂಡು ಬಂದವನು ಅಳತೆ ಕೇಳಿದಾಗ ಶಿವಾಜಿ ಕಾರು ತೋರಿಸಿದ. ಮಲಕಾರಿ ಎಲ್ಲರ ಮುಖ ನೋಡಿ, ಹೋಗಿ ಕೆಲಸಕ್ಕೆ ಕುಳಿತ. ನಾವು ತಂದ ಲಾರಿಯ ಡ್ರೈವರು ದೂರದಲ್ಲಿ ನಿಂತು ಬೀಡಿ ಸೇದುತ್ತ ತಲೆ ಕೆರೆದುಕೊಳ್ಳುತ್ತಿದ್ದ. ಕಾರನ್ನು ಕೊಟ್ಟಿಗೆಯಿಂದ ಹೊರಗೆ ತಳ್ಳಲು ಜನ ಸಾಲಲಿಲ್ಲ. ನಾನೂ ಕೈ ಹಚ್ಚಿದೆ. ಈ ಉದ್ಯೋಗಕ್ಕೆ ಬಂದಾಗಿನಿಂದ ಅಂಥ ಕಾರು ಮುಟ್ಟಬೇಕೆಂದು ಕಾದಿದ್ದವನು ನಾನು, ಮುಟ್ಟಿದ್ದು ಕುಣಿಗೆ ತಳ್ಳಲು. ನನ್ನ ಸಿಟ್ಟು ಎಲ್ಲಿ ಹೋಗಿತ್ತೋ, ಹುಡುಕಿದರೂ ಸಿಗಲಿಲ್ಲ.

ಹಗ್ಗ ಕಟ್ಟಿ ಇಳಿಜಾರಿನಲ್ಲಿ ಇಳಿಸಿದರು. ಮನಿಷಾ ಹೊಸ ಧೋತರ ತಂದು ಕೊಟ್ಟಳು, ಅದನ್ನು ಕಾರಿನ ಮೇಲೆ ಹೊದಿಸಿದರು. ತಾರವ್ವ ಅರಿಷಿಣ ಕುಂಕುಮ ಹಾಕಿದಳು. ಶಿವಾಜಿ ಉಪ್ಪಿನ ಚೀಲ ಹೊತ್ತು ತಂದು ಅಂಚಿಗೆ ಇಟ್ಟು ಬಾಯಿ ಬಿಚ್ಚಿದ.

ಪೂನಮ ಉಪ್ಪು ನೋಡಿ ಗಕ್ಕನೆ ಎದ್ದು ನಿಂತಳು. ಹಳೆಯ ಕಾರಿನವರಿಗೆ ತುಕ್ಕು ಹಿಡಿಸುವ ಉಪ್ಪಿನಷ್ಟು ಹೆದರಿಕೆ ಬೇರೆ ಯಾವುದಕ್ಕೂ ಇಲ್ಲ. ಸಮುದ್ರದ ಗಾಳಿ ತಾಗೀತೆಂದು ಮುಂಬಯಿಯ ಗಿರಾಕಿಗೆ ಗಾಜಿನ ಕೋಣೆ ಕಟ್ಟಿಸಲು ಹೇಳಿದ್ದವಳು ಅವಳು. "ಉಪ್ಪ ಯಾಕ?" ಎಂದಳು.

"ಲಗೂ ಕರಗಲಿ ಅಂತ" ಎಂದಳು ತಾರವ್ವ. "ನರಿ ನಾಯಿ ಕೆದರಬಾರದಲ್ಲ."

ಪದ್ಧತಿಯಂತೆ ಮನೆಯವರು ಮೊದಲು ಹಾಕಿದರು. ಶಿವಾಜಿ ಹಾಕಿದ, ಮನಿಷಾ ಹಾಕಿದಳು. ಆಮೇಲೆ ತಾರವ್ವ ನಮ್ಮ ಕಡೆ ನೋಡಿದಳು. ನಾನು ಹಾಕಿದೆ. ಪೂನಮ ಬಹಳ ಹೊತ್ತು ಚೀಲದ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಳು. ಕೊನೆಗೆ ಎರಡೂ ಕೈ ತುಂಬ ಉಪ್ಪು ತೆಗೆದುಕೊಂಡು ಅಂಚಿಗೆ ಹೋಗಿ ಕೆಳಗೆ ಬಿಟ್ಟಳು. ಧೋತರದ ಮೇಲೆ ಉಪ್ಪು ಬಿದ್ದ ಸಪ್ಪಳ ನನಗೆ ಕೇಳಿಸಿತು. ಮಲಕಾರಿ ಜೆಸಿಬಿ ಚಾಲೂ ಮಾಡಿದ.

ಮಣ್ಣು ಸರಿಮಾಡಿ ಅವನು ಇಳಿದು ಬಂದಾಗ ತಾರವ್ವ, ಮೋರೆ ಯಾವ ಕಡೆ ಇದೆ ಎಂದು ಕೇಳಿದಳು. ಮೂಡಣದ ಕಡೆ ಎಂದ. ಅವಳು ಆ ತುದಿಗೆ ಹೋಗಿ ಕುಳಿತಳು. ಮನಿಷಾಳ ಕೈಯಿಂದ ಎಲೆ ತೆಗೆದುಕೊಂಡು ಹಸಿ ಮಣ್ಣಿನ ಮೇಲೆ ಹಾಸಿ, ಎರಡು ಹೋಳಿಗೆ ಇಟ್ಟು, ಎರಡರ ಮೇಲೂ ತುಪ್ಪ ಬಿಟ್ಟಳು.

"ತಿನ್ರಪಾ" ಎಂದಳು. "ತಡಾ ಆತು."